ಸುರಂಗದ ನೀರು ಮಲ್ಲಿಗೆಗೆ ಹೋದ ಬೇಸಿಗೆ

ಮೊನ್ನೆ ನಮ್ಮ ಪಕ್ಕದ ಹೊಲದವರು ಬೋರ್ ಕೊರೆಸಿದರು. ಲಾರಿ ಬಂದು ನಿಂತದ್ದೇ ಊರಿನ ಅರ್ಧ ಜನ ನೋಡಲು ಹೋದರು. ನಾನೂ ಹೋಗಿ ಬದುವಿನ ಮೇಲೆ ನಿಂತೆ. ಮೇಲಿನ ಮಣ್ಣು ಮುಗಿದು ಬಂಡೆ ಸಿಕ್ಕ ಕೂಡಲೇ ಹಿಟ್ಟಿನಂಥ ಬಿಳಿ ಧೂಳು ಎದ್ದು ನಮ್ಮ ಕಡೆಗೇ ಬಂತು. ಅದರ ಹಿಂದೆಯೇ ವಾಸನೆ. ಎರಡು ಬೆಣಚುಕಲ್ಲನ್ನು ಜೋರಾಗಿ ತಿಕ್ಕಿದಾಗ ಬರುತ್ತದಲ್ಲ, ಸುಟ್ಟ ಕಲ್ಲಿನ ವಾಸನೆ, ಅದು. ಜನ ಮೂಗಿಗೆ ಸೆರಗು ಹಿಡಿದು ನಗುತ್ತ ನಿಂತಿದ್ದರು. ನಾನು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ನೀರು ಬಿತ್ತು ಎಂದು ಸಂಜೆ ಯಾರೋ ಕೂಗಿ ಹೇಳಿದ ಮೇಲೆಯೇ ತೆಗೆದದ್ದು.

ಆ ವಾಸನೆ ನನಗೆ ಒಂದೇ ಒಂದು ಬೇಸಿಗೆಯದು. ರಾಜಸ್ಥಾನದ ಮರಳಿನಲ್ಲಿ ಅಣುಬಾಂಬು ಸಿಡಿಸಿದ ಮರುವರ್ಷದ ಬೇಸಿಗೆ.

ಆಗ ನಾನು ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಹರಪನಹಳ್ಳಿ ಕಡೆ ಕೊಟ್ಟಿದ್ದರು. ಯಾಕೆ ಬಿಟ್ಟು ಬಂದೆ ಎನ್ನುವುದು ಇಲ್ಲಿ ಬೇಡ. ತವರಿನಲ್ಲಿ ಇದ್ದವನು ತಮ್ಮ ಕೊಟ್ರೇಶ ಒಬ್ಬನೇ, ನನಗಿಂತ ಆರು ವರ್ಷಕ್ಕೆ ಸಣ್ಣವನು. ಅವನಿಗೆ ಆಗಿನ್ನೂ ಮದುವೆಯಾಗಿರಲಿಲ್ಲ. ಬಂದ ವಾರದೊಳಗೆ ಅವನು ನಮ್ಮ ಹೊಲದಲ್ಲಿ ದಾರಿ ಪಕ್ಕದ ಅರ್ಧ ಎಕರೆ ಮಲ್ಲಿಗೆ ತೋಟ ನನಗೆ ಬಿಟ್ಟುಕೊಟ್ಟ. ಕಾಗದ ಪತ್ರ ಏನಿಲ್ಲ. "ಇದು ನಿಂದು ಯಕ್ಕಾ, ಇನ್ನ ಯಾರ ಮುಂದನೂ ಕೈ ಚಾಚಬ್ಯಾಡ" ಎಂದ, ಅಷ್ಟೇ. ಹಡಗಲಿಯ ಮಲ್ಲಿಗೆ ಎಂದರೆ ದೂರದ ಊರಿನವರಿಗೂ ಗೊತ್ತು. ಬೇಸಿಗೆಯೇ ಅದರ ಸುಗ್ಗಿ. ಬಿಸಿಲು ಏರಿದಷ್ಟೂ ಮೊಗ್ಗು. ಆದರೆ ಬಾವಿ ತಳ ಕಾಣುವುದೂ ಆಗಲೇ.

ಗುಡ್ಡದ ಸುರಂಗದ ಕೆಲಸ ಅದೇ ವರ್ಷ ಬಂತು. ನಮ್ಮ ಊರಿಂದ ಒಂದು ಹರದಾರಿ ಆಚೆ ಒಂದು ಬೋಳು ಗುಡ್ಡ, ಪೂರ್ತಿ ಒಂದೇ ಬಂಡೆ. ಅದಕ್ಕೆ ಇಳಿಜಾರಾಗಿ ಸುರಂಗ ಕೊರೆದು ಒಳಗೆ ಒಂದು ಕೋಣೆ ಮಾಡಿದ್ದರು. ಅಣುವಿನಿಂದ ಕರೆಂಟು ಮಾಡುವ ಕಡೆ ಉಳಿಯುವ ಕಸ ಸಾವಿರಾರು ವರ್ಷ ಬಿಸಿಯಾಗಿ, ವಿಷವಾಗಿ ಇರುತ್ತದಂತೆ. ಅದನ್ನು ಮುಂದೊಂದು ದಿನ ಎಲ್ಲಿಯಾದರೂ ನೆಲದಾಳದಲ್ಲಿ ಹೂಳಬೇಕು. ಎಂಥ ಬಂಡೆ ಆ ಬಿಸಿ ತಡೆಯುತ್ತದೆ, ಎಂಥದ್ದು ಬಿರಿಯುತ್ತದೆ ಎಂದು ನೋಡುವ ಪರೀಕ್ಷೆ ಇದು. ಇಲ್ಲಿಗೆ ಕಸ ತರುವುದಿಲ್ಲ, ಕಸದ ಬದಲು ಕರೆಂಟಿನ ಹೀಟರುಗಳನ್ನು ಬಂಡೆಯ ತೂತುಗಳಲ್ಲಿ ಇಳಿಸಿ ಕಾಯಿಸುತ್ತೇವೆ ಎಂದು ಮೊದಲ ದಿನವೇ ಎಲ್ಲರನ್ನೂ ಕೂರಿಸಿ ಹೇಳಿದ್ದರು. ಊರಿನವರು ನಂಬಲಿಲ್ಲ.

ಆ ತೂತುಗಳನ್ನು ಕೊರೆಯುವ ಕೆಲಸ ಕೊಟ್ರೇಶನಿಗೂ ಕೂಡ್ಲಿಗಿ ಕಡೆಯ ಹುಲುಗಪ್ಪನಿಗೂ ಸಿಕ್ಕಿತು. ಹುಲುಗಪ್ಪ ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು ನಮ್ಮ ಮನೆಯ ಪಡಸಾಲೆಯಲ್ಲೇ ಇದ್ದ. ನಾನೇ ಇಬ್ಬರಿಗೂ ರೊಟ್ಟಿ ಕಟ್ಟುತ್ತಿದ್ದೆ. ನನಗೂ ಅಲ್ಲಿಯೇ ಒಂದು ಕೆಲಸ ಕೊಟ್ಟರು. ಸುರಂಗದ ಬಾಯಿಯ ಮೇಲ್ಗಡೆ ಒಂದು ಸಿಮೆಂಟಿನ ಟಾಕಿ. ಅಲ್ಲಿಂದ ಪೈಪಿನಲ್ಲಿ ಇಳಿದ ನೀರು ಕೊರೆಯುವ ಸಲಾಕೆಯ ಒಳಗಿಂದ ಹರಿದು ಅದರ ಮೊನೆಯಲ್ಲಿ ಬೀಳಬೇಕು. ಧೂಳೆಲ್ಲ ಕೆಸರಾಗಿ ಹೊರಗೆ ಬರುತ್ತದೆ. ಆ ಟಾಕಿಯ ವಾಲ್ವ್ ತೆಗೆಯುವುದು, ಹಾಕುವುದು, ನೀರು ಕೆಂಪು ಗೀಟಿಗೆ ಇಳಿದರೆ ಗಂಟೆ ಬಾರಿಸುವುದು, ಪಾಳಿ ಮುಗಿದಾಗ ರಿಜಿಸ್ಟರಿನಲ್ಲಿ ಸಹಿ ಹಾಕುವುದು. ನಾಲ್ಕನೇ ಕ್ಲಾಸು ಓದಿದವಳಿಗೆ ಅಷ್ಟು ಬರುತ್ತಿತ್ತು. ಹೆಬ್ಬೆಟ್ಟು ಒತ್ತುವವಳಲ್ಲ ಎನ್ನುವ ಜಂಬವೂ ಇತ್ತು.

ವಾರಕ್ಕೊಮ್ಮೆ ಸುರಕ್ಷತೆಯ ಸಾಹೇಬರು ಬರುತ್ತಿದ್ದರು. ಮೈಸೂರು ಕಡೆಯವರು, ತೆಳ್ಳಗೆ ಕನ್ನಡಕದ ಮನುಷ್ಯ. ಒಳಗೆ ಇಳಿಯುವವರ ಎದೆಗೆ ಒಂದೊಂದು ಬಿಲ್ಲೆ ಕೊಟ್ಟಿದ್ದರು. ಅದರೊಳಗಿನ ಫಿಲ್ಮು ತಿಂಗಳಿಗೊಮ್ಮೆ ಎಲ್ಲಿಗೋ ಹೋಗಿ ಪರೀಕ್ಷೆಯಾಗಿ ಬರುತ್ತಿತ್ತು. ಗುಡ್ಡದ ಕಲ್ಲಿನಲ್ಲಿಯೇ ಚೂರು ಅಣುವಿನ ಅಂಶ ಇರುತ್ತದೆ, ಅದೂ ಲೆಕ್ಕಕ್ಕೆ ಸಿಗಲಿ ಎಂದು. ಒಳಗಿನ ಗಾಳಿ ಎಳೆದು ಹಾಕಲು ದೊಡ್ಡ ಫ್ಯಾನು. ಅದು ನಿಂತರೆ ಎಲ್ಲರೂ ಮೇಲಕ್ಕೆ. ಇದೆಲ್ಲ ಹೇಳಿದ ಮೇಲೆ ಅವರು ಒಂದು ದಿನ ಬೇಕೆಂದೇ ನೀರು ನಿಲ್ಲಿಸಿ ಎರಡು ನಿಮಿಷ ಮಷಿನ್ ಓಡಿಸಿದರು. ದೀಪ ಆರಿಸಿ ಟಾರ್ಚ್ ಬಿಟ್ಟರು. ಆ ಬೆಳಕಿನಲ್ಲಿ ನವಿರಾದದ್ದು ಏನೋ ಹೊಳೆಯುತ್ತ ತೇಲುತ್ತಿತ್ತು.

"ಅಣುವಿಗೆ ಹೆದರಬೇಡಿ, ಅದು ಇಲ್ಲಿಗೆ ಬಂದೇ ಇಲ್ಲ. ಇದಕ್ಕೆ ಹೆದರಿ. ನೀರು ನಿಂತರೆ ಮಷಿನ್ ನಿಲ್ಲಬೇಕು" ಎಂದರು. ಆಮೇಲೆ ಹೊರಗೆ ಬಂದು ನನ್ನೊಬ್ಬಳಿಗೇ ಇನ್ನೊಮ್ಮೆ ಹೇಳಿದರು: "ಈರಮ್ಮ, ನೀರು ಮುಗಿಯುವ ಮೊದಲೇ ಗಂಟೆ ಬಾರಿಸಬೇಕು. ಮುಗಿದ ಮೇಲಲ್ಲ."

ಗೊತ್ತಾಗಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ. ನನಗೆ ಬಿಡಿಸಿ ಹೇಳಿದ್ದರು.

ಊರಿನವರು ಹೆದರಿದ್ದು ಮಾತ್ರ ಬಿಲ್ಲೆಗೆ. ಕೊಟ್ರೇಶ ಅದನ್ನು ಬಿಚ್ಚದೆ ಊರಲ್ಲೆಲ್ಲ ತಿರುಗುತ್ತಿದ್ದ. ಚಹಾದ ಅಂಗಡಿಯವನು ಒಂದು ದಿನ, ಎದೆಗೆ ಬಾಂಬು ಕಟ್ಟಿಕೊಂಡು ಚಾ ಕುಡಿಯಲು ಬಂದೆಯಲ್ಲೋ ಎಂದನಂತೆ. ದುಡ್ಡು ಕೇಳಿದರೆ ಸಿಡಿಯುತ್ತದೆ, ಬಿಟ್ಟಿ ಕೊಟ್ಟರೆ ಸಿಡಿಯುವುದಿಲ್ಲ ಎಂದ ಇವನು. ಎಲ್ಲರೂ ನಕ್ಕರು. ಆದರೆ ಮರುದಿನದಿಂದ ಇವರಿಬ್ಬರ ಗ್ಲಾಸು ಬೇರೆಯಾಯಿತು, ಕ್ಷೌರದವನು ಇವತ್ತು ನಾಳೆ ಎಂದು ಸತಾಯಿಸಿದ. ಅವರ ಬಟ್ಟೆ ನಮ್ಮ ಬಟ್ಟೆಯ ಜೊತೆ ಹಳ್ಳದಲ್ಲಿ ಒಗೆಯಬೇಡ ಎಂದು ಓಣಿಯ ಹೆಂಗಸರು ನನಗೆ ಹೇಳಿದರು. ಆ ಮಾತಿಗೆ ನನಗೆ ಸಿಟ್ಟು ಬಂದಿತ್ತು. ನನ್ನ ತಮ್ಮನ ಮರ್ಯಾದೆಗೆ ಜಗಳವಾಡಿದ್ದೆ. ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

ನೀರು ಮಾಗಳದ ಹೊಳೆಯಿಂದ ಬರುತ್ತಿತ್ತು. ಬಸಣ್ಣನೆಂಬವನ ಟ್ಯಾಂಕರು ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಸುತ್ತು ತರುತ್ತಿತ್ತು. ದಾರಿ ನನ್ನ ತೋಟದ ಬೇಲಿಗೆ ಹತ್ತಿಕೊಂಡೇ ಇತ್ತು. ಯುಗಾದಿ ಹೊತ್ತಿಗೆ ನನ್ನ ಬಾವಿಯಲ್ಲಿ ಕೊಡ ಮುಳುಗುವಷ್ಟೂ ನೀರಿರಲಿಲ್ಲ. ಗಿಡದ ತುಂಬ ಮೊಗ್ಗು, ಬುಡದಲ್ಲಿ ಬಿರುಕು. ಮೊಗ್ಗು ದಪ್ಪವಾಗದೆ ಕೆಂಪಾಗಿ ಉದುರತೊಡಗಿತ್ತು. ದಿನಾ ಟ್ಯಾಂಕರು ನೀರು ಚೆಲ್ಲಿಕೊಂಡು ಬೇಲಿಯ ಆಚೆ ಹೋಗುತ್ತಿತ್ತು.

ಕೇಳಿದವಳು ನಾನೇ. ಬಸಣ್ಣನಲ್ಲ.

"ಅರ್ಧ ಟ್ಯಾಂಕ್ ಅಷ್ಟ, ಬಸಣ್ಣ. ಗುಡ್ಡಕ್ಕ ನೀರು ಕುಡಿಸಿದ್ರ ಗುಡ್ಡ ಏನು ಹೂ ಬಿಡ್ತೈತೇನು?"

ಅವನು ನಕ್ಕ. ಟಾಕಿಯವಳು ನೀನೇ, ನೀನೇ ಸೈ ಎಂದ ಮೇಲೆ ನನ್ನದೇನು ಎಂದ. ಅಂದಿನಿಂದ ಅವನ ಹೆಂಡತಿಗೆ ದಿನಾ ಒಂದು ಮಾರು ಹೂವು. ನಾನು ನಸುಕಿನಲ್ಲಿ ಮೊಗ್ಗು ಬಿಡಿಸಿ, ಮೊದಲ ಬಸ್ಸಿಗೆ ಹಡಗಲಿ ಪೇಟೆಗೆ ಕಳಿಸಿ, ಪಾತಿಗಳಿಗೆ ನೀರಿನ ದಾರಿ ಕಡಿದಿಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಮಧ್ಯಾಹ್ನದ ಸುತ್ತಿನಲ್ಲಿ ಬಸಣ್ಣ ತೂಬು ತೆಗೆದು ಅರ್ಧ ಅಲ್ಲಿ ಬಿಟ್ಟು ಉಳಿದದ್ದು ತರುತ್ತಿದ್ದ. ಮೊದಲು ವಾರಕ್ಕೆ ಎರಡು ದಿನ. ಬಿಸಿಲು ಏರಿದಂತೆ ದಿನ ಬಿಟ್ಟು ದಿನ. ಆಮೇಲೆ ದಿನಾ. ಕೆಲವು ದಿನ ಪೂರ್ತಿ ಟ್ಯಾಂಕು.

ಮಧ್ಯಾಹ್ನ ಮೂರರ ಹೊತ್ತಿಗೆ ನೀರು ಕೆಂಪು ಗೀಟಿಗೆ ಇಳಿಯುತ್ತಿತ್ತು. ಗಂಟೆ ನನ್ನ ತಲೆಯ ಮೇಲೆಯೇ ನೇತಾಡುತ್ತಿತ್ತು. ಬಾರಿಸಿದರೆ ಮಷಿನ್ ನಿಲ್ಲುತ್ತದೆ. ಮಷಿನ್ ನಿಂತರೆ ಕೊರೆಯುವ ಕೆಲಸ ಮಾಡಿಸುವ ಮೇಸ್ತ್ರಿ ಬರುತ್ತಾನೆ, ನೀರು ಎಲ್ಲಿ ಹೋಯಿತು ಎನ್ನುತ್ತಾನೆ. ನಾನು ಬಾರಿಸುತ್ತಿರಲಿಲ್ಲ. ಇನ್ನು ಎರಡೇ ತಾಸಲ್ಲವೇ ಪಾಳಿ, ಬಾಯಿಗೆ ಬಟ್ಟೆ ಕಟ್ಟಿಕೊಂಡಿರುತ್ತಾರೆ, ಸಾಹೇಬರು ಓದಿದವರು, ಒಂದಕ್ಕೆ ಹತ್ತು ಹೇಳುತ್ತಾರೆ. ಹೀಗೆ ಅಂದುಕೊಳ್ಳುತ್ತ ಕೂರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸುರಂಗದ ಬಾಯಿಂದ ಬಿಳಿ ಹೊಗೆಯಂಥದ್ದು, ಅದರ ಜೊತೆ ಆ ವಾಸನೆ ಬರುತ್ತಿತ್ತು.

ಮೊದಲನೆಯ ದಿನ ಅವರಿಬ್ಬರೂ ಮೇಲೆ ಬಂದಾಗ ಕಣ್ಣು ಎರಡು ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗಿತ್ತು. ಹುಲುಗಪ್ಪ ನಗುತ್ತಲೇ ಬಂದ.

"ನೋಡಕ್ಕಾ ನಿನ್ನ ತಮ್ಮನ್ನ, ಗಿರಣ್ಯಾಗ ಜ್ವಾಳ ಬೀಸಿಕೊಂಡು ಬಂದಾನ."

ಕೊಟ್ರೇಶ ಬಾಯಿ ಮುಕ್ಕಳಿಸಿ ಉಗಿದ. ನೀರು ಯಾಕೆ ನಿಂತಿತು ಎಂದು ಕೇಳಿದ.

"ಟ್ಯಾಂಕರ್ ಬಂದಿಲ್ಲಪ. ಗಾಲಿ ಪಂಚರ್ ಆಗೇತಂತ" ಎಂದೆ.

ಅವನು ಸುಮ್ಮನೆ ತಲೆ ಆಡಿಸಿದ. ಮುಂದೆ ಎಷ್ಟೋ ದಿನ ಹಾಗೆಯೇ ಮೇಲೆ ಬಂದ, ಇನ್ನೊಮ್ಮೆ ಕೇಳಲಿಲ್ಲ. ಅವನಿಗೆ ಬೇಜಾರಾಗಿರಬೇಕು ಎಂದುಕೊಂಡೆ. ಮೇಸ್ತ್ರಿಗೂ ಧೂಳು ಕಾಣದೆ ಇರಲಿಲ್ಲ. ದಿನಕ್ಕೆ ಇಷ್ಟು ಅಡಿ ಎಂದು ಅವನ ಮೇಲೆ ಒತ್ತಡ. ನನ್ನ ಮುಂದೆ ರಿಜಿಸ್ಟರು ತೆರೆದಿಟ್ಟು, ಸೈ ಮಾಡಮ್ಮ, ಹೊತ್ತಾತು ಎನ್ನುತ್ತಿದ್ದ. ಅದರಲ್ಲಿ ಮೊದಲೇ ಬರೆದಿರುತ್ತಿತ್ತು: ನೀರು ಪೂರ್ತಿ ಪಾಳಿ ಹರಿದಿದೆ. ನಾನು ಅದರ ಕೆಳಗೆ ದೀರ್ಘ, ಒತ್ತು ತಪ್ಪದಂತೆ ನನ್ನ ಹೆಸರು ಬರೆಯುತ್ತಿದ್ದೆ. ಸಾಹೇಬರು ಬರುವ ದಿನ ಮಾತ್ರ ಬಸಣ್ಣ ಎರಡೂ ಟ್ಯಾಂಕು ಪೂರ್ತಿ ತರುತ್ತಿದ್ದ. ಅವರು ರಿಜಿಸ್ಟರು ತಿರುವಿ, ಟಾಕಿಗೆ ಕೋಲು ಇಳಿಸಿ ನೋಡಿ, ಒಳ್ಳೆಯದಮ್ಮ ಎಂದು ಹೋಗುತ್ತಿದ್ದರು. ಆ ವರ್ಷದಂಥ ಹೂವು ಆ ತೋಟದಲ್ಲಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಮಳೆ ಹಿಡಿಯಿತು. ನನ್ನ ಬಾವಿ ತುಂಬಿತು, ಸುರಂಗದ ತೂತುಗಳೂ ಮುಗಿದವು. ಇನ್ನೊಂದು ವರ್ಷಕ್ಕೆ ಪರೀಕ್ಷೆಯೂ ಮುಗಿದು ಸುರಂಗದ ಬಾಯಿಗೆ ಕಾಂಕ್ರೀಟು ಹಾಕಿ ಎಲ್ಲರೂ ಹೋದರು. ಬಿಲ್ಲೆಗಳನ್ನು ಎಣಿಸಿ ವಾಪಸು ತೆಗೆದುಕೊಂಡರು. ಒಬ್ಬರ ಬಿಲ್ಲೆಯಲ್ಲೂ ಏನೂ ಬಂದಿರಲಿಲ್ಲ.

ಐದಾರು ವರ್ಷ ಕಳೆಯಿತು. ಕೊಟ್ರೇಶನಿಗೆ ಮದುವೆಯಾಗಿತ್ತು. ಮೊದಲು ಕೆಮ್ಮು, ಆಮೇಲೆ ಸೈಕಲ್ ತುಳಿದರೆ ಏದುಸಿರು. ಟಿಬಿ ಎಂದು ತಿಂಗಳುಗಟ್ಟಲೆ ಗುಳಿಗೆ ನುಂಗಿದ. ತೂಕ ಇಳಿಯಿತೇ ಹೊರತು ಗುಣವಾಗಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಏನು ಕೆಲಸ ಮಾಡಿದ್ದೆ ಎಂದು ಕೇಳಿದರು. ಹೇಳಿದ. ಇದು ಟಿಬಿಯಲ್ಲ, ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತಿದೆ, ಅದನ್ನು ತೆಗೆಯುವ ಔಷಧಿ ಇಲ್ಲ, ಆದರೆ ಕೆಲಸದಿಂದ ಬಂದ ರೋಗ ಎಂದು ಒಪ್ಪಿದರೆ ಸುರಂಗದ ಕೆಲಸ ಮಾಡಿಸಿದ ಕಂಪನಿಯವರೇ ದೊಡ್ಡ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕೊನೆತನಕ ನೋಡಬೇಕು ಎಂದರು. ಅದೇ ಹೊತ್ತಿಗೆ ಹುಲುಗಪ್ಪನೂ ಹಾಸಿಗೆ ಹಿಡಿದ ಸುದ್ದಿ ಬಂತು. ಇಬ್ಬರದೂ ಸೇರಿಸಿ ಅರ್ಜಿ ಹೋಯಿತು. ಮಷಿನ್ ನೀರಿಲ್ಲದೆ ಓಡಿತ್ತು ಎಂದು ಅದರಲ್ಲಿ ಬರೆಸಿದ್ದರು.

ಹರಪನಹಳ್ಳಿಯ ಒಂದು ಕೋಣೆಯಲ್ಲಿ ವಿಚಾರಣೆ ಇಟ್ಟರು. ಟಾಕಿ ನೋಡಿಕೊಂಡವಳೆಂದು ನನ್ನನ್ನೂ ಸಾಕ್ಷಿಗೆ ಕರೆದರು. ಹೋಗುವ ಎರಡು ದಿನ ಮೊದಲು ಹಳೆಯ ಮೇಸ್ತ್ರಿ ಮನೆಗೆ ಬಂದ. ಕೂತು ನೀರು ಕುಡಿದು, ನೀರಿರಲಿಲ್ಲ ಎಂದರೆ ಸುಳ್ಳು ಸಹಿ ಹಾಕಿದವರು ಯಾರು ಎಂದು ಕೇಳುತ್ತಾರೆ, ಜೈಲು ಅದಕ್ಕೇ ಇರುವುದು ಎಂದು ಹೇಳಿ ಎದ್ದು ಹೋದ. ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೂ ಖರೆ ಹೇಳಬೇಕೆಂದರೆ, ಜೈಲಿನ ಹೆದರಿಕೆಗಿಂತ ಹೆಚ್ಚಿನದು ಇನ್ನೊಂದಿತ್ತು. ಕೊಟ್ರೇಶನಿಗೆ ತಿಳಿಯುತ್ತದಲ್ಲ ಎನ್ನುವುದು.

ಹುಲುಗಪ್ಪನಿಗೆ ಬರಲಾಗಿರಲಿಲ್ಲ. ಕೊಟ್ರೇಶ ಗೋಡೆಗೆ ಒರಗಿ ಕೂತಿದ್ದ, ಒಂದು ಮಾತಿಗೆ ಎರಡು ಸಲ ಉಸಿರು ಎಳೆದುಕೊಳ್ಳುತ್ತಿದ್ದ. ಅಧಿಕಾರಿ ಆ ರಿಜಿಸ್ಟರನ್ನು ನನ್ನ ಮುಂದೆ ಇಟ್ಟರು. ಬೇರೆ ಬೇರೆ ದಿನದ ಹಾಳೆ ತಿರುವಿ ತೋರಿಸಿದರು.

"ಈ ಸಹಿ ನಿಮ್ಮದೇ ಏನಮ್ಮ?"

"ಹೌದ್ರಿ."

"ನೀರು ಪೂರ್ತಿ ಪಾಳಿ ಹರಿದಿತ್ತೇ?"

ಕೋಣೆಯಲ್ಲಿ ಫ್ಯಾನಿನ ಸಪ್ಪಳವಿತ್ತು. ತಮ್ಮನ ಉಸಿರಿನ ಸಪ್ಪಳ ಅದಕ್ಕಿಂತ ಜೋರಾಗಿತ್ತು. ನಾನು ಅವನ ಕಡೆ ನೋಡಲಿಲ್ಲ.

"ಹರಿದಿತ್ರಿ" ಎಂದೆ.

ಅಧಿಕಾರಿ ಕೊಟ್ರೇಶನ ಕಡೆ ತಿರುಗಿದರು. ನಿಮ್ಮ ಅಕ್ಕನೇ ಹೀಗೆ ಹೇಳುತ್ತಾರಲ್ಲ, ನೀವೇನು ಹೇಳುತ್ತೀರಿ ಎಂದರು. ಅವನು ಗೋಡೆ ಬಿಟ್ಟು ನೆಟ್ಟಗೆ ಕೂತ.

"ನಮ್ಮಕ್ಕ ಸುಳ್ಳು ಹೇಳಾಕಿ ಅಲ್ರಿ. ನಾನ ತಪ್ಪು ತಿಳದಿರಬೇಕು."

ಅಲ್ಲಿಗೆ ಮುಗಿಯಿತು. ಬಸ್ಸಿನಲ್ಲಿ ಅವನನ್ನು ಕಿಟಕಿಯ ಪಕ್ಕ ಕೂರಿಸಿದೆ. ಊರು ದಾಟಿದ ಮೇಲೆ ನನ್ನ ಕಡೆ ತಿರುಗದೆಯೇ ಮಾತಾಡಿದ. ಮೊದಲ ವಾರದಲ್ಲೇ ಗೊತ್ತಾಗಿತ್ತಂತೆ. ಹೊಲಕ್ಕೆ ಹೋದಾಗ ತೋಟದ ಬಾಯಲ್ಲಿ ಟ್ಯಾಂಕರಿನ ಗಾಲಿಯ ಗುರುತು ಇತ್ತಂತೆ, ಪಾತಿ ಒದ್ದೆಯಿತ್ತಂತೆ.

"ಮತ್ತ ಮಷಿನ್ ಯಾಕ ನಿಲ್ಲಸಲಿಲ್ಲೋ ತಮ್ಮಾ?" ಎಂದೆ.

"ನಿಲ್ಲಿಸಿದ್ರ ನಿನ್ನ ಹೆಸರು ಬರ್ತಿತ್ತು. ಆ ಕೆಲಸ ಹೋದ್ರ, ತ್ವಾಟ ಒಣಗಿದ್ರ, ನೀನು ಮತ್ತ ಆ ಮನಿಗೆ ಹೋಗಬೇಕಾಗ್ತಿತ್ತು." ಉಸಿರು ತೆಗೆದುಕೊಂಡ. "ಇಷ್ಟು ಕೆಟ್ಟದ್ದು ಅಂತ ನಂಗೂ ಗೊತ್ತಿರಲಿಲ್ಲಕ್ಕಾ."

"ಹುಲುಗಪ್ಪಗ ಹೇಳಬೇಕಿತ್ತು."

ಅವನು ಕಿಟಕಿಗೆ ಮುಖ ಮಾಡಿದ. ಊರು ಬರುವತನಕ ಹೊರಗೆ ನೋಡುತ್ತಲೇ ಕೂತ. ನಾನು ಕದ್ದ ನೀರಿನ ಗುಟ್ಟು ಕಾಯಲು ಅವನು ತನ್ನ ಉಸಿರಿನ ಜೊತೆ ಏನೂ ಅರಿಯದ ಇನ್ನೊಬ್ಬನ ಉಸಿರನ್ನೂ ಕೊಟ್ಟಿದ್ದ. ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬರಲಿಲ್ಲ. ಸ್ವಲ್ಪ ದಿನಕ್ಕೆ ಕಾಗದ ಬಂತು. ಕೊರೆಯುವಾಗ ನೀರು ಹರಿದದ್ದಕ್ಕೆ ದಾಖಲೆಯಿದೆ, ಆದ್ದರಿಂದ ಕೆಲಸಕ್ಕೂ ಈ ರೋಗಕ್ಕೂ ಸಂಬಂಧವಿಲ್ಲ. ಅಂಥದ್ದೇ ಇನ್ನೊಂದು ಕೂಡ್ಲಿಗಿ ಕಡೆಗೂ ಹೋಗಿತ್ತು.

ಕೊಟ್ರೇಶ ಮುಂದಿನ ಶ್ರಾವಣದಲ್ಲಿ ತೀರಿಕೊಂಡ. ಕೊನೆಯ ತಿಂಗಳು ಮಲಗಲು ಆಗುತ್ತಿರಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಹಿಂದಿನಿಂದ ಆತುಕೊಂಡು ನಾನು ಕೂರುತ್ತಿದ್ದೆ, ನನ್ನ ಎದೆಗೆ ಒರಗಿ ಅವನು ತೂಕಡಿಸುತ್ತಿದ್ದ. ಹುಲುಗಪ್ಪ ಅವನಿಗಿಂತ ನಾಲ್ಕು ತಿಂಗಳು ಮೊದಲೇ ಹೋಗಿದ್ದ. ಆಗ ನಮಗೆ ಮಣ್ಣಿಗೆ ಹೋಗಲಾಗಿರಲಿಲ್ಲ.

ತಮ್ಮನ ವರ್ಷದ ಕಾರ್ಯ ಮುಗಿದ ಮೇಲೆ ನಾನು ಕೂಡ್ಲಿಗಿ ಬಸ್ಸು ಹತ್ತಿದೆ. ಕೊಟ್ಟೂರಿನಲ್ಲಿ ಇಳಿದು ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣ ಎನ್ನಿಸಿತು. ಹೋಗಲಿಲ್ಲ. ಹುಲುಗಪ್ಪನ ಹೆಂಡತಿ ಹನುಮಕ್ಕನನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಹೆಸರು ಹೇಳಿದ ಕೂಡಲೇ ಕೈ ಹಿಡಿದು ಒಳಗೆ ಕರೆದುಕೊಂಡಳು. ನೀವು ಕಟ್ಟುತ್ತಿದ್ದ ರೊಟ್ಟಿಯ ಸುದ್ದಿ ಬಹಳ ಹೇಳುತ್ತಿದ್ದರು ಎಂದಳು. ಚಾ ಇಟ್ಟಳು. ಹಿತ್ತಲ ಬಾಗಿಲು ತೆರೆದಿತ್ತು. ಅದರಾಚೆ ಖಾಲಿ ದನದ ಕೊಟ್ಟಿಗೆ, ಒಂದು ಮೂಲೆಯಲ್ಲಿ ಕಲ್ಲಿನ ಮೇಲೆ ಹಲಗೆ ಹಾಸಿದ ಜಾಗ.

ಅವಳಾಗಿಯೇ ಹೇಳಿದಳು. ಮೊದಲು ಧೂಳಿನ ರೋಗ ಎಂದಿದ್ದರಂತೆ. ಆಮೇಲೆ ಆ ಕಾಗದ ಬಂತು, ಊರಿನ ಮಾಸ್ತರು ಓದಿ ಹೇಳಿದರು, ಧೂಳಲ್ಲವಂತೆ ಎಂದು. ಧೂಳಲ್ಲದಿದ್ದರೆ ಇನ್ನೇನು, ಅಣುವೇ, ಆ ಗುಡ್ಡದೊಳಗಿನ ವಿಷವೇ ಮೈಯಲ್ಲಿ ಇದೆ ಎಂದು ಎಲ್ಲರೂ ಅಂದರು. ಸಣ್ಣ ಮಕ್ಕಳ ಮನೆ. ಹಾಗಾಗಿ ಗಂಡನನ್ನು ಕೊಟ್ಟಿಗೆಯಲ್ಲಿ ಹಾಕಿದರು. ಊಟದ ತಾಟು ದೂರದಿಂದ ಸರಿಸಿದರು. ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಐದು ತಿಂಗಳು ಅವನು ಅಲ್ಲಿಯೇ ಗೋಡೆಗೆ ಒರಗಿ ಕೂತು ಕೂತು ಸತ್ತ. ಕೊನೆಗೆ ಮೈ ತೊಳೆಯಲೂ ಯಾರೂ ಮುಂದೆ ಬರದೆ ದೂರದಿಂದ ಕೊಡದಲ್ಲಿ ನೀರು ಎರಚಿದರು.

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ಟ್ಯಾಂಕರು, ತೋಟ, ಬಾರಿಸದ ಗಂಟೆ, ರಿಜಿಸ್ಟರು, ಹರಪನಹಳ್ಳಿಯಲ್ಲಿ ಆಡಿದ ಮಾತು, ತಮ್ಮನಿಗೆ ಗೊತ್ತಿದ್ದದ್ದು, ಒಂದನ್ನೂ ಬಿಡದೆ ಹೇಳಿದೆ. ಆ ಸುರಂಗಕ್ಕೆ ಅಣು ಬಂದೇ ಇರಲಿಲ್ಲ, ಇಬ್ಬರನ್ನೂ ಕೊಂದದ್ದು ಬರಿಯ ಕಲ್ಲಿನ ಧೂಳು ಎಂದೆ. ಬೈಯಲಿ, ಹೊಡೆಯಲಿ, ಹಿಡಿ ಮಣ್ಣು ತೂರಲಿ ಎಂದು ಕಾಯ್ದು ಕೂತೆ.

ಹನುಮಕ್ಕ ನೀರಿನ ಮಾತೇ ಎತ್ತಲಿಲ್ಲ. ಕೊಟ್ಟಿಗೆಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಹಂಗಾರ ಅವರನ್ನ ಮುಟ್ಟಬೋದಿತ್ತೇನಕ್ಕಾ?"

"ಮುಟ್ಟಬೋದಿತ್ತು" ಎಂದೆ.